ಕಣ್ಣು ಬೀಳಬಾರದ ಅಟ್ಟ

ಕರೆಂಟಿನ ಬಿಲ್ಲನ್ನು ಕರಿಬಸವಯ್ಯ ಓಬಮ್ಮನ ಕೈಗೆ ಕೊಡಲಿಲ್ಲ. ಅವಳ ಕೋಣೆಯ ಹೊಸ್ತಿಲ ಮೇಲಿಟ್ಟು, ಗಾಳಿಗೆ ಹಾರದಂತೆ ಒಂದು ಕರಟದ ಚೂರು ಹೇರಿದರು.

"ಬೇಜಾರು ಮಾಡ್ಕಬೇಡಿ ನರ್ಸಮ್ಮ. ಈ ತಿಂಗಳು ಮುಗೀತಿದ್ದಂಗೆ ರೂಮು ಖಾಲಿ ಮಾಡ್ಕೊಡಿ."

"ನನ್ನ ಕರೆಂಟ್ ಒಲೆ ಟ್ರಂಕು ಸೇರಿ ಎಷ್ಟು ದಿನ ಆಯ್ತು ಯಜಮಾನ್ರೇ! ಹೋದ ಬಿಲ್ಲು ಬಂದಾಗ್ಲೇ ಎತ್ತಿಟ್ಟೆ. ನಿಮ್ಮ ಕಣ್ಣೆದುರಿಗೇ."

"ಹಂಗಾದ್ರೆ ಈ ಪಾಟಿ ಕರೆಂಟು ಯಾರು ಕುಡೀತಾವ್ರೆ? ನಮ್ಮನೇಲಿ ಇರೋದು ನಾಕು ಬಲ್ಬು. ನೀವು ಬಂದ ಮೇಲೇ ಬಿಲ್ಲು ಏರಿದ್ದು. ದೆವ್ವ ಬಂದು ಕುಡೀತದಾ?"

"ಭಾನುವಾರದ ಗಂಟ ಟೈಮ್ ಕೊಡಿ. ದೆವ್ವಾನೇ ಆದ್ರೂ ಹಿಡಿದುಕೊಡ್ತೀನಿ."

ಕರಿಬಸವಯ್ಯ ನಕ್ಕರು. ಓಬಮ್ಮ ನಗಲಿಲ್ಲ. ಹೆರಿಗೆ ಆಸ್ಪತ್ರೆಗೆ ವರ್ಗವಾಗಿ ಬಂದಾಗ ಒಂಟಿ ಹೆಂಗಸಿಗೆ ಬಾಗಿಲು ತೆರೆದದ್ದು ಈ ಊರಿನಲ್ಲಿ ಇದೊಂದೇ ಮನೆ. ಅದೂ ಬೀದಿ ಕಡೆಯ ಕೋಣೆ, ಬೇರೆ ಬಾಗಿಲು, ಬೇರೆ ಬಿಂದಿಗೆ. ಅವಳ ಕೋಣೆಯಿಂದ ಒಳಮನೆಗೆ ಒಂದು ಲೋಟ ನೀರೂ ಹೋಗಿರಲಿಲ್ಲ. ಅವಳಿಗಿಂತ ಮೊದಲಿದ್ದ ನರ್ಸು ಮನೆ ಸಿಗದೆ ಹುಳಿಯಾರಿನಿಂದ ಬಸ್ಸಿನಲ್ಲಿ ಓಡಾಡಿ, ಸುಸ್ತಾಗಿ, ಕೊನೆಗೆ ವರ್ಗ ಮಾಡಿಸಿಕೊಂಡು ಹೋಗಿದ್ದಳು. ಹೆರಿಗೆಗಳು ಬಸ್ಸಿನ ವೇಳೆ ಕೇಳಿಕೊಂಡು ಬರುವುದಿಲ್ಲ. ಈ ಕೋಣೆ ಹೋದರೆ ಕೆಲಸವೂ ಹೋದಂತೆಯೇ. ತಾನು ಹೋಗುವವಳಲ್ಲ ಎಂದು ಓಬಮ್ಮ ಅಲ್ಲೇ ತೀರ್ಮಾನಿಸಿದಳು.

ಭಾನುವಾರ ಬೆಳಿಗ್ಗೆ ಜಗುಲಿಯ ಗೋಡೆಯಲ್ಲಿದ್ದ ಮೀಟರಿನ ಮುಂದೆ ಸ್ಟೂಲು ಹಾಕಿಕೊಂಡು ಹತ್ತಿ ನಿಂತಳು. ಕರಿಬಸವಯ್ಯನ ಹೆಂಡತಿ ಗುರುಸಿದ್ದಮ್ಮ ಒಳಗಿನ ಒಂದೊಂದೇ ಸ್ವಿಚ್ಚು ಆರಿಸುತ್ತಾ, ದೇವರಮನೆ ಆಯ್ತು, ಬಚ್ಚಲು ಆಯ್ತು ಎಂದು ಕೂಗಿ ಹೇಳುತ್ತಾ ಬಂದರು.

ಗಾಜಿನ ಹಿಂದೆ ತಗಡಿನ ಚಕ್ರ ತಿರುಗುತ್ತಲೇ ಇತ್ತು. ಅಂಚಿನ ಕೆಂಪು ಗುರುತು ಬಂತು, ಹೋಯಿತು, ಮತ್ತೆ ಬಂತು.

"ಅಯ್ಯೋ ಶಿವನೇ, ಎಲ್ಲಾ ಆರಿಸಿದ್ರೂ ಓಡ್ತೈತಲ್ಲೇ!" ಎಂದರು ಗುರುಸಿದ್ದಮ್ಮ.

"ಮೀಟ್ರೇ ಕೆಟ್ಟೈತೆ ಬುಡು," ಎಂದರು ಜಗುಲಿಯ ಮೇಲೆ ಕುಳಿತಿದ್ದ ಕರಿಬಸವಯ್ಯ.

ಮೀಟರಿನ ಪಕ್ಕ ಎರಡು ಪಿಂಗಾಣಿ ಫ್ಯೂಸುಗಳಿದ್ದವು. ಒಂದು ಓಬಮ್ಮನ ಕೋಣೆಯದು, ಇನ್ನೊಂದು ಒಳಮನೆಯದು. ಓಬಮ್ಮ ಮೊದಲು ತನ್ನದನ್ನು ಕಿತ್ತಳು. ಚಕ್ರ ತನ್ನ ಪಾಡಿಗೆ ತಿರುಗಿತು. ಅದನ್ನು ಮತ್ತೆ ಸಿಕ್ಕಿಸಿ ಒಳಮನೆಯದನ್ನು ಕಿತ್ತಳು. ಚಕ್ರ ನಿಂತಿತು.

"ಮೀಟ್ರು ಕೆಟ್ಟಿದ್ರೆ ನಿಲ್ತಿತ್ತಾ ಯಜಮಾನ್ರೇ?"

ಕರಿಬಸವಯ್ಯ ಎದ್ದು ಬಂದು ತಾವೇ ಫ್ಯೂಸು ಹಾಕಿದರು, ಕಿತ್ತರು, ಹಾಕಿದರು. ಪ್ರತಿ ಸಲವೂ ಚಕ್ರ ಓಬಮ್ಮನ ಪರವಾಗಿಯೇ ಹೇಳಿತು.

ಓಬಮ್ಮ ಚಪ್ಪಲಿ ಬಿಟ್ಟು, ಕೇಳದೆಯೇ, ಮೊದಲ ಬಾರಿಗೆ ಒಳಮನೆಗೆ ಕಾಲಿಟ್ಟಳು. ತಲೆಯೆತ್ತಿ, ಗೋಡೆಯ ಮರದ ಪಟ್ಟಿಯ ಮೇಲೆ ಹೋಗುತ್ತಿದ್ದ ವೈರನ್ನೇ ನೋಡುತ್ತಾ ನಡೆದಳು. ಅಡುಗೆಮನೆಯ ಮೂಲೆಯಲ್ಲಿ ಒಂದು ಕವಲು ಏಣಿಯ ಪಕ್ಕದಲ್ಲೇ ಮೇಲೆ ಹತ್ತಿ ಅಟ್ಟದ ಕಿಂಡಿಯೊಳಗೆ ಮಾಯವಾಗಿತ್ತು. ಕಿಂಡಿಗೆ ಒಂದು ಹಳೆಯ ಎಕ್ಕಡ, ಒಣಗಿದ ನಿಂಬೆಹಣ್ಣು ನೇತುಹಾಕಿದ್ದರು.

"ಅಲ್ಲೂ ದೀಪ ಐತಾ?"

"ಐತೆ. ಕಾಯಿ ತುಂಬೋವಾಗ ಹಾಕಿದ್ವಿ. ಆಳುಗಳು ಆರಿಸೇ ಇಳಿದಿರ್ತಾರೆ," ಎಂದು ಕರಿಬಸವಯ್ಯ ಏಣಿಗೆ ಅಡ್ಡ ನಿಂತರು. "ಅಲ್ಲಿಗೆ ಮಾತ್ರ ಬ್ಯಾಡ ನರ್ಸಮ್ಮ. ತುಂಬಿದ ಅಟ್ಟದ ಮ್ಯಾಲೆ ಹೊರಗಿನೋರ ಕಣ್ಣು ಬೀಳಬಾರದು. ಗಿಟುಕು ಆಗೋ ಗಂಟ ನಮ್ಮ ಅಳಿಯನ್ನೇ ಹತ್ತಿಸಲ್ಲ."

ಅಟ್ಟಕ್ಕೆ ಹಾಕಿದ ತೆಂಗಿನಕಾಯಿ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಗಿಟುಕಾಗಿ, ಕಿವಿಯ ಬಳಿ ಅಲ್ಲಾಡಿಸಿದರೆ ಲೊಟಲೊಟ ಅನ್ನಲು ಹೆಚ್ಚುಕಡಿಮೆ ವರ್ಷ ಬೇಕು. ಈ ಸಲ ಕರಿಬಸವಯ್ಯನ ಅಟ್ಟದ ಒಂದು ಮೂಲೆ ಅರ್ಧ ವರ್ಷಕ್ಕೇ ಲೊಟಲೊಟ ಅನ್ನತೊಡಗಿತ್ತು. ನಮ್ಮಪ್ಪ ನೆಟ್ಟ ಮರದ ಗುಣ ಎಂದು ಅವರು ತಿಪಟೂರಿನ ಕೊಬ್ಬರಿ ಮಂಡಿಯವರೆಗೂ ಹೇಳಿಕೊಂಡು ಬಂದಿದ್ದರು. ದೃಷ್ಟಿ ತಾಗದಿರಲೆಂದು ಎಕ್ಕಡ ಕಟ್ಟಿದ್ದು ಆಮೇಲೆ.

"ನಿಮ್ಮ ಮೊಮ್ಮಗನ್ನ ಮೊದಲು ನೋಡಿದ್ದು ಯಾರ ಕಣ್ಣು?" ಎಂದು ಕೇಳಿದಳು ಓಬಮ್ಮ. "ನಂದೇ. ಅವನಿಗೆ ತಾಗದ ದೃಷ್ಟಿ ಕಾಯಿಗೆ ತಾಗ್ತದಾ?"

"ಅದು ಬ್ಯಾರೆ, ಇದು ಬ್ಯಾರೆ. ನಾನೇ ಹತ್ತಿ ನೋಡ್ತೀನಿ."

"ಹತ್ತಿ, ಏನಿಲ್ಲ ಅಂತ ಇಳೀತೀರಾ. ನಾನು ಗಂಟುಮೂಟೆ ಕಟ್ಟಬೇಕಾಗ್ತದೆ." ಓಬಮ್ಮ ಅವರ ಹೆಗಲ ಮೇಲಿದ್ದ ಟವಲಿನ ಕಡೆ ಕೈಚಾಚಿದಳು. "ಕಣ್ಣು ತಾನೇ ಬೀಳಬಾರದು? ಕಟ್ಟಿ. ಕೈ ಬೀಳಬಾರದು ಅಂತ ಯಾರೂ ಹೇಳಿಲ್ಲವಲ್ಲ."

ಗುರುಸಿದ್ದಮ್ಮ ಗಂಡನ ಹೆಗಲಿನಿಂದ ಟವಲು ಎಳೆದುಕೊಂಡು ಓಬಮ್ಮನ ಕಣ್ಣಿಗೆ ಬಿಗಿಯಾಗಿ ಕಟ್ಟಿಬಿಟ್ಟರು.

"ಹತ್ತವ್ವ. ಇವರ ಕೂಟೆ ಏನು ಮಾತು."

ಓಬಮ್ಮ ಏಣಿ ಹತ್ತಿದಳು. ಹಿಂದೆಯೇ ಕರಿಬಸವಯ್ಯ, "ತಲೆ ತಗ್ಗಿಸಿ, ತೊಲೆ ಐತೆ," ಎನ್ನುತ್ತಾ ಹತ್ತಿದರು. ಮೇಲೆ ಒಣ ಸಿಪ್ಪೆಯ, ಇಲಿ ಹಿಕ್ಕೆಯ ವಾಸನೆ. ಅವಳು ಮಂಡಿಯೂರಿ ಎರಡೂ ಕೈಗಳನ್ನು ಕಾಯಿಗಳ ಮೇಲೆ ಹರಡಿದಳು. ಕಾಣದ್ದನ್ನು ಹುಡುಕುವುದು ಆ ಕೈಗಳ ದಿನದ ಕೆಲಸ. ಹೊಟ್ಟೆಯ ಮೇಲೆ ಅಂಗೈ ಇಟ್ಟು, ಒಳಗೆ ತಲೆ ಎಲ್ಲಿ, ಬೆನ್ನು ಎಲ್ಲಿ ಎಂದು ತಿಳಿದುಕೊಳ್ಳುವ ಹಾಗೆ ಅವಳು ನಿಧಾನವಾಗಿ ರಾಶಿಯನ್ನು ಸವರುತ್ತಾ ಹೋದಳು. ತಣ್ಣಗೆ. ತಣ್ಣಗೆ. ಗೋಡೆಯ ಕಡೆ ಸರಿದಂತೆ ಸ್ವಲ್ಪ ಬೆಚ್ಚಗೆ. ಇನ್ನೊಂದಷ್ಟು ಸರಿದಳು. ಜ್ವರ ಬಂದ ಮೈಯಂತೆ ಸುಡುತ್ತಿತ್ತು.

"ಇಲ್ಲೈತೆ."

"ಅದು ಒಳ್ಳೇ ಮೂಲೆ ಕಣಮ್ಮ! ಗಿಟುಕಾಗಿರೋ ಮೂಲೆ! ಅದನ್ನ ಕೆದಕಬ್ಯಾಡಿ!"

ಓಬಮ್ಮ ಕೆದಕಿದಳು. ಒಂದೊಂದೇ ಕಾಯಿ ತೆಗೆದು ಹಿಂದಕ್ಕೆ ಉರುಳಿಸಿದಳು. ಕೆಲವು ಕರಿಬಸವಯ್ಯನ ಕಾಲಿಗೆ ಬಡಿದವು. ಇದ್ದಕ್ಕಿದ್ದಂತೆ ಟವಲಿನ ನೂಲುಗಳ ನಡುವಿನಿಂದ ಅವಳ ಮುಚ್ಚಿದ ರೆಪ್ಪೆಗಳ ಮೇಲೆ ಕೆಂಪು ಬೆಳಕು ಬಿತ್ತು.

"ತಲೆ ಸಿಕ್ತು ಯಜಮಾನ್ರೇ."

ಕರಿಬಸವಯ್ಯ ಬಗ್ಗಿ ನೋಡಿದರು. ಗೋಡೆಯ ಮೊಳೆಗೆ ನೇತುಹಾಕಿದ್ದ ಬಲ್ಬು ಕಾಯಿಗಳ ಗೂಡಿನೊಳಗೆ ಉರಿಯುತ್ತಿತ್ತು. ಊರಿನ ಬಡಕಲು ಕರೆಂಟಿಗೆ ಅದು ಪೂರ್ತಿ ಬೆಳಗಿಯೂ ಇರಲಿಲ್ಲ, ಸತ್ತೂ ಇರಲಿಲ್ಲ. ಅಟ್ಟ ತುಂಬಿದ ಸಂಜೆ ಆಳುಗಳು ಕೊನೆಯ ಮಂಕರಿಗಳನ್ನು ಅದರ ಮೇಲೆಯೇ ಸುರಿದಿದ್ದರು. ಸ್ವಿಚ್ಚೂ ರಾಶಿಯ ಹಿಂದೆ ಹೂತುಹೋಗಿತ್ತು. ಓಬಮ್ಮ ಟ್ರಂಕು ಹೊತ್ತು ಬಂದದ್ದು ಅದೇ ವಾರ. ಸುತ್ತಲಿನ ಕಾಯಿಗಳ ಸಿಪ್ಪೆ ಕಂದಿ ಕಪ್ಪಾಗಿತ್ತು. ಕರಿಬಸವಯ್ಯ ಒಂದನ್ನು ಎತ್ತಿ ಅಲ್ಲಾಡಿಸಿದರು. ಲೊಟಲೊಟ ಅಂದಿತು. ಅಪ್ಪ ನೆಟ್ಟ ಮರದ ಗುಣ.

ಕೈಹಾಕಿ ಸ್ವಿಚ್ಚು ಆರಿಸಿದರು.

"ನಿಂತೋಯ್ತು ಕಣ್ರೀ!" ಮೀಟರು ನೋಡಲು ಜಗುಲಿಗೆ ಹೋಗಿದ್ದ ಗುರುಸಿದ್ದಮ್ಮ ಕೂಗಿದರು. "ಚಕ್ರ ನಿಂತೋಯ್ತು!"

ಕರಿಬಸವಯ್ಯ ಕಂದಿದ ಸಿಪ್ಪೆಯ ಮೇಲೆ ಬೆರಳಾಡಿಸಿದರು.

"ಇನ್ನು ಸ್ವಲ್ಪ ದಿನ ಬಿಟ್ಟಿದ್ರೆ ಮನೆಗೇ ಬೆಂಕಿ ಬೀಳ್ತಿತ್ತು," ಎಂದರು ಕರಿಬಸವಯ್ಯ. ಆಮೇಲೆ ದನಿ ತಗ್ಗಿಸಿ, "ಬಲ್ಬಿಗೆ ಗಿಟುಕಾಯ್ತು ಅಂತ ಮಾತ್ರ ಯಾರಿಗೂ ಹೇಳಬ್ಯಾಡಿ ನರ್ಸಮ್ಮ. ಮಂಡಿಯೋರು ಸಾಯೋ ಗಂಟ ಆಡ್ಕತಾರೆ."

"ನಾನೇನು ಕಂಡೆ? ನನ್ನ ಕಣ್ಣು ಕಟ್ಟೈತೆ." ಓಬಮ್ಮ ಕೂತಲ್ಲಿಂದ ಏಳಲಿಲ್ಲ. "ರೂಮಿನ ಮಾತು ಹೇಳಿ."

"ಇರಿ."

"ಎಲ್ಲಿ ಗಂಟ?"

"ಇರಿ ಅಂದ್ನಲ್ಲ ತಾಯಿ, ಆಸ್ಪತ್ರೆ ಇರೋ ಗಂಟ ಇರಿ. ಈಗ ಇಳೀರಿ."

ಸಂಜೆ ಓಬಮ್ಮ ಟ್ರಂಕಿನಿಂದ ಕರೆಂಟ್ ಒಲೆ ತೆಗೆದು ಕಾಫಿ ಕಾಯಿಸಿದಳು. ಮೂರು ಲೋಟಗಳನ್ನು ತಟ್ಟೆಯಲ್ಲಿಟ್ಟುಕೊಂಡು ಜಗುಲಿಗೆ ಬಂದಳು. ಗುರುಸಿದ್ದಮ್ಮ ಒಂದನ್ನು ತೆಗೆದುಕೊಂಡು ಆಗಲೇ ಕುಡಿಯತೊಡಗಿದರು. ಕರಿಬಸವಯ್ಯ ಲೋಟವನ್ನು ನೋಡಿದರು, ಓಡುತ್ತಿದ್ದ ಚಕ್ರವನ್ನು ನೋಡಿದರು.

"ಒಲೆ ಆರಿಸಿ ಬಂದ್ರಾ?"

"ಇನ್ನೂ ಇಲ್ಲ."

ಅವರು ಲೋಟ ಎತ್ತಿಕೊಂಡು ಒಂದು ಗುಟುಕು ಕುಡಿದರು.

"ಸಕ್ಕರೆ ಜಾಸ್ತಿ," ಎಂದರು. ಆದರೆ ಲೋಟ ಕೆಳಗಿಡಲಿಲ್ಲ.