ಹೊಸಬನ ಸುತ್ತು

ಐಸ್ ಹಾಕಿಯಲ್ಲಿ ವೃತ್ತಿಪರನಾಗಿ ಮೊದಲ ಸಲ ಆಡುವವನನ್ನು ಮುಂದೆ ಬಿಟ್ಟು, ಉಳಿದವರು ಬಾಗಿಲಲ್ಲೇ ನಿಂತುಬಿಡುತ್ತಾರೆ. ಪಂದ್ಯಕ್ಕೆ ಮುನ್ನ ಅವನೊಬ್ಬನೇ ಬರಿತಲೆಯಲ್ಲಿ ಹಿಮದಂಗಳ ಸುತ್ತಬೇಕು. ಅದೇ ಸ್ವಾಗತ.

ಕಾಲೇಜಿನ ಕೊನೆಯ ಪಂದ್ಯ ಮುಗಿದ ಮೂರನೇ ದಿನವೇ ನಾನು ಒಂದು ವೃತ್ತಿಪರ ತಂಡ ಸೇರಿದ್ದೆ. ನನ್ನ ಸುತ್ತು ನೋಡಲು ಮಿಷಿಗನ್‌ನಲ್ಲಿ ಅಮ್ಮ ಟಿವಿ ಮುಂದೆ ಕೂತಿದ್ದಳು. ಹೆಲ್ಮೆಟ್ ತೆಗೆದಿಟ್ಟು, ಕೂದಲು ಬಾಚಿಕೊಂಡು ಇಳಿದೆ.

ಹಿಂದೆಯೇ ಎಲ್ಲರೂ ದಬದಬನೆ ಇಳಿದರು.

"ಏಯ್, ಹೆಲ್ಮೆಟ್ ಎಲ್ಲೋ? ದಾರಿ ಬಿಡು!" ಎಂದು ಗದರಿದ ನಾಯಕ ಡುಕೆಟ್.

ಇದು ನನ್ನ ಮೊದಲ ಪಂದ್ಯವೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಕೇಳಿ ಪಡೆಯುವುದು ಅದೆಂಥ ಸ್ವಾಗತ! ಹೆಲ್ಮೆಟ್ ಹಾಕಿಕೊಂಡು ಆಡಿದೆ.

ಪಂದ್ಯ ಮುಗಿದ ಮೇಲೆ ಅಮ್ಮನ ಫೋನು. "ಅಷ್ಟ್ ಜನರ ಮಧ್ಯೆ ನೀನು ಕಾಣ್ಲೇ ಇಲ್ವಲ್ಲೋ. ಒಬ್ನೇ ಯಾವಾಗ ಸುತ್ತಿದ್ಯೋ?"

"ಇಡೀ ಪಂದ್ಯ ಕಣಮ್ಮ," ಎಂದೆ.