ಗುರುವಾರದ ಅತಿಥಿ

ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ಅವಳಿನಗರ ಸೇವಾ ಕ್ಲಬ್ಬಿನವರದು ಊಟ ಮೊದಲು, ಭಾಷಣ ಆಮೇಲೆ. ಹಸಿದವರು ಗಡಿಯಾರ ನೋಡುತ್ತಾರೆ, ಉಂಡವರು ನಾಚಿಕೆಗಾದರೂ ಕೂತು ಕೇಳುತ್ತಾರೆ ಎಂಬುದು ಕ್ಲಬ್ ಕಟ್ಟಿದ ಹಿರಿಯರ ಲೆಕ್ಕಾಚಾರವಂತೆ. ಪ್ರತಿ ಗುರುವಾರ ಸಂಜೆ ಏಳಕ್ಕೆ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಮೊಸರನ್ನ. ಎಂಟಕ್ಕೆ ಒಬ್ಬ ಅತಿಥಿ. ಒಂದು ವಾರ ಹೃದಯದ ಡಾಕ್ಟರು, ಇನ್ನೊಂದು ವಾರ ಜೇನು ಸಾಕುವವರು, ಮಗದೊಂದು ವಾರ ಸೈಕಲ್ ಮೇಲೆ ಹಿಮಾಲಯಕ್ಕೆ ಹೋಗಿಬಂದ ತಹಶೀಲ್ದಾರರು. ಭಾಷಣ ಮುಗಿದು, ಶಾಲು ಹೊದಿಸಿ, ವಂದನಾರ್ಪಣೆ ಆದ ಮೇಲೆ ಇಬ್ಬರು ಹೋಗಿ ಅತಿಥಿಯನ್ನು ಗೇಟಿನ ತನಕ ಬಿಟ್ಟು ಬರುತ್ತಾರೆ. ಆಮೇಲೆ ಬಾಗಿಲು ಮುಚ್ಚಿಕೊಂಡು ಸದಸ್ಯರೂ ಅವರ ಮನೆಯವರೂ ತಮ್ಮತಮ್ಮ ಮಾತಿಗೆ ಇಳಿಯುತ್ತಾರೆ. ರಕ್ತದಾನ ಶಿಬಿರ ಎಲ್ಲಿ, ಈ ಸಲದ ಟ್ರಿಪ್ ಎಲ್ಲಿಗೆ, ಯಾರ ಮಗಳ ನಿಶ್ಚಯ ಯಾವಾಗ. ನಿಜವಾದ ಮಜಾ ಶುರುವಾಗುವುದು ಆಗಲೇ.

ಸುಹಾಸಿನಿ ಆ ಮಜಾವನ್ನು ಇಪ್ಪತ್ತಾರು ವರ್ಷ ಉಂಡವಳು. ಸದಸ್ಯತ್ವ ಇದ್ದದ್ದು ಗಂಡ ಪಂಢರಿನಾಥರದು. ಆಕೆ ಮನೆಯವರ ಪೈಕಿ. ಬೈರಿದೇವರಕೊಪ್ಪದ ಮನೆಯಿಂದ ಇಬ್ಬರೂ ಸ್ಕೂಟರಿನಲ್ಲಿ ಬರುತ್ತಿದ್ದರು, ವಯಸ್ಸಾದ ಮೇಲೆ ಚಿಗರಿ ಬಸ್ಸಿನಲ್ಲಿ. ಊಟದ ಸಾಲಿನ ಕೊನೆಯಲ್ಲಿ ಮೊಸರನ್ನದ ಪಾತ್ರೆಯ ಹಿಂದೆ ನಿಂತು ಬಡಿಸುವುದು ಆಕೆಯ ಕೆಲಸ. ಪಕ್ಕದಲ್ಲಿ ರೊಟ್ಟಿ ಹಾಕುತ್ತ ರಾಜೇಶ್ವರಿ. ಈಗ ಅಧ್ಯಕ್ಷರಾಗಿರುವ ಅರಳೆ ವ್ಯಾಪಾರಿ ಶಂಭುಲಿಂಗ ಅವರ ಹೆಂಡತಿ. ಇಬ್ಬರೂ ಸೇರಿದರೆ ಸಾಲು ಮುಂದೆ ಸರಿಯುತ್ತಿರಲಿಲ್ಲ, ಅಷ್ಟು ನಗು.

ಪಂಢರಿನಾಥರಿಗೆ ಕ್ಲಬ್ಬಿನಲ್ಲಿ ಒಂದು ಖಾಯಂ ಹೊಣೆ ಇತ್ತು, ಅತಿಥಿ ಪರಿಚಯ. ಅದನ್ನು ಕೇಳಲೆಂದೇ ಧಾರವಾಡದಿಂದ ಬರುವವರಿದ್ದರು. ಓದುವವರು ಅವರಾದರೂ ಬರೆಯುವವಳು ಸುಹಾಸಿನಿ. ಬುಧವಾರ ಮಧ್ಯಾಹ್ನ ಶಾಲೆಯ ಬಿಡುವಿನಲ್ಲಿ ಆಕೆ ಅತಿಥಿಗೆ ಫೋನ್ ಮಾಡುತ್ತಿದ್ದಳು. "ಊಟಕ್ಕ ಉಳ್ಳಾಗಡ್ಡಿ, ಬಳ್ಳೊಳ್ಳಿ ನಡೀತದೋ ಇಲ್ಲೋ ಕೇಳೂಣಂತ ಮಾಡಿದ್ನಿರಿ" ಎಂದು ಶುರುವಾದ ಮಾತು ಅರ್ಧ ತಾಸು ನಡೆಯುತ್ತಿತ್ತು. ಎದೆ ಸೀಳಿ ಹೊಲಿಯುವ ಡಾಕ್ಟರಿಗೆ ಜೊಂಡಿಗ, ಅಂದರೆ ಜಿರಳೆ, ಕಂಡರೆ ಜೀವ ಹೋಗುತ್ತದೆ ಎಂಬುದು ಹೀಗೆಯೇ ಸಿಕ್ಕಿದ್ದು. ಗುರುವಾರ ಪಂಢರಿನಾಥರು ಅದನ್ನು ಗಂಭೀರವಾಗಿ ಓದಿದಾಗ ಇಡೀ ಸಭೆ ನಕ್ಕಿತು, ಡಾಕ್ಟರೂ ನಕ್ಕರು. ಬರೆದವರು ಯಾರೆಂದು ರಾಜೇಶ್ವರಿಗೆ ಮಾತ್ರ ಗೊತ್ತು. ಎಲೆಮರೆಯ ಕಾಯಿ ಎಂದು ಜನ ಹೊಗಳುತ್ತಾರಲ್ಲ, ಅದರಿಂದ ಎಲೆಗೆ ಲಾಭವೋ ಕಾಯಿಗೋ ಯಾರೂ ಹೇಳುವುದಿಲ್ಲ. ಸುಹಾಸಿನಿಗಂತೂ ಆ ಲಾಭ ಬೇಕಿರಲಿಲ್ಲ. ಒಮ್ಮೆ ಶಂಭುಲಿಂಗ ಅವರೇ ಸುಹಾಸಿನಿಯತ್ತ ತೋರಿಸಿ, "ಬಾಯಾರನ್ನೂ ಮೆಂಬರ್ ಮಾಡೂಣ ಬಿಡ್ರಿ" ಅಂದಿದ್ದರು. "ಒಂದ ಮನ್ಯಾಗ ಇಬ್ಬರ್ದು ಯಾಕ್ರಿ?" ಅಂದರು ಪಂಢರಿನಾಥರು. ಖರೇ ಅಲ್ಲವೇ ಅನಿಸಿ ಸುಹಾಸಿನಿಯೂ ನಕ್ಕಿದ್ದಳು.

ಪಂಢರಿನಾಥರು ಹೋಗಿ ಹನ್ನೊಂದು ತಿಂಗಳಾಗಿತ್ತು. ಕ್ಲಬ್ಬಿನವರು ಏನೂ ಕಡಿಮೆ ಮಾಡಲಿಲ್ಲ. ಆಸ್ಪತ್ರೆಗೆ ಓಡಿದರು, ಹೆಗಲು ಕೊಟ್ಟರು, ಎರಡು ನಿಮಿಷ ಮೌನ ನಿಂತರು, ಕ್ಲಬ್ಬಿನ ಪತ್ರಿಕೆಯ ಮುಖಪುಟಕ್ಕೆ ಫೋಟೊ ಹಾಕಿದರು. ಹದಿನಾಲ್ಕನೆಯ ದಿನ ಕಾರ್ಯದರ್ಶಿ ವಿನೀತ ಕೈಮುಗಿದ ಚಿತ್ರ ಹಾಕಿ ಪಂಢರಿನಾಥರ ನಂಬರನ್ನು ವಾಟ್ಸಾಪ್ ಗುಂಪಿನಿಂದ ತೆಗೆದ. ಗುರುವಾರದ ಸುದ್ದಿ ಬರುತ್ತಿದ್ದದ್ದು ಆ ನಂಬರಿಗೆ ಮಾತ್ರ. ಗಂಡನ ಜೊತೆಗೆ ಗುರುವಾರವೂ ಹೋಗಿಬಿಟ್ಟಿತ್ತು. ಯಾರೂ ಕಸಿದುಕೊಂಡದ್ದಲ್ಲ, ಯಾರಿಗೂ ಹೊಳೆದಿರಲಿಲ್ಲ ಅಷ್ಟೇ.

ಮಕ್ಕಳಿಲ್ಲದ ಮನೆ. ಶಾಲೆಯ ಕೆಲಸದಿಂದ ನಿವೃತ್ತಿಯಾಗಿ ನಾಲ್ಕು ವರ್ಷ. ಉಳಿದ ಆರು ದಿನಗಳನ್ನು ಸುಹಾಸಿನಿ ಹೇಗೋ ದೂಡುತ್ತಿದ್ದಳು. ಗುರುವಾರ ಮಾತ್ರ ಆರು ಗಂಟೆಗೆ ಕೈ ತಾನಾಗಿ ಬೀರುವಿನ ಕಡೆ ಹೋಗುತ್ತಿತ್ತು. ಎರಡು ಮೂರು ಸಲ ಸೀರೆ ಉಟ್ಟು, ತಲೆ ಬಾಚಿ, ಹಾಗೆಯೇ ಕುರ್ಚಿಯ ಮೇಲೆ ಕೂತುಬಿಟ್ಟಳು. ಎಂಟೂವರೆಗೆ ಎದ್ದು ಅದೇ ಸೀರೆ ಮಡಿಸಿಟ್ಟಳು. ಮದುವೆಗೆ ಕರೆಯದಿದ್ದರೆ ಸಿಟ್ಟು ಮಾಡಬಹುದು, ಗುರುವಾರಕ್ಕೆ ಕರೆಯಲಿಲ್ಲವೆಂದು ಯಾರ ಮೇಲೆ ಸಿಟ್ಟು ಮಾಡುವುದು?

ಕೇಳಬಾರದೇ ಅಂದರೆ ಕೇಳುವ ಹಾಗಿಲ್ಲ. ಅತ್ತ ಮಗುವಿಗೆ ಹಾಲು ಅನ್ನುವುದು ಹೊರಗಿನ ಮಾತು. ಈ ಕ್ಲಬ್ಬಿನಲ್ಲಿ ಅತ್ತವರಿಗೆ ಹಾಲಿಲ್ಲ. ಸದಸ್ಯನಾಗುತ್ತೇನೆಂದು ತಾನಾಗಿ ಬಾಯಿಬಿಟ್ಟವನನ್ನು ಅಲ್ಲಿ ಮರ್ಯಾದೆಗೆಟ್ಟವನೆಂದು ತಿಳಿಯುತ್ತಾರೆ. ಇದ್ದ ಸದಸ್ಯರೊಬ್ಬರು ಸಭೆಯಲ್ಲಿ ಎದ್ದು ಹೆಸರು ಸೂಚಿಸಬೇಕು. ಇಪ್ಪತ್ತಾರು ವರ್ಷ ಆ ಪದ್ಧತಿಯನ್ನು ನೋಡಿ ಮೆಚ್ಚಿದವಳು ಸುಹಾಸಿನಿ. ಈಗ ಯಾರಾದರೂ ಒಬ್ಬರು ಎದ್ದು ತನ್ನ ಹೆಸರು ಹೇಳಲೆಂದು ಕಾಯುತ್ತಿದ್ದಳು. ಬೇಕಾದದ್ದು ಇಷ್ಟೇ, ವಾರಕ್ಕೊಂದು ಸಂಜೆ ಮತ್ತು ಮೊಸರನ್ನದ ಸೌಟು.

ಅಂಥದರಲ್ಲಿ ಒಂದು ಮಧ್ಯಾಹ್ನ ವಿನೀತನ ಫೋನ್ ಬಂತು.

"ನಮಸ್ಕಾರ್ರಿ ಮೇಡಂ. ಬರೂ ಗುರುವಾರ ನೀವ ನಮ್ಮ ಅತಿಥಿ ಉಪನ್ಯಾಸಕರು. ಇಲ್ಲ ಅನಬ್ಯಾಡ್ರಿ. ವಿಷಯ ನಿಮಗ ಬಿಟ್ಟದ್ದು."

ಈ ವಿನೀತ, ಹಲ್ಲಿನ ಡಾಕ್ಟರು, ಕ್ಲಬ್ಬಿಗೆ ಬಂದ ದಿನದಿಂದ ಆಕೆಯನ್ನು ಚಿಕ್ಕಮ್ಮನನ್ನು ಕರೆದಂತೆ ಕಾಕೂ ಅನ್ನುತ್ತಿದ್ದವನು. ಮೇಡಂ ಅಂದದ್ದು ಕಿವಿಗೆ ಚುಚ್ಚಿತು. ಆದರೆ ಗುರುವಾರ ಎಂಬ ಮಾತಿನ ಸಂತೋಷದಲ್ಲಿ ಅದನ್ನು ಬದಿಗೆ ತಳ್ಳಿದಳು. ಆಫೀಸಿನ ಕರೆಯಲ್ಲವೇ, ಹಾಗೇ ಮಾತಾಡಬೇಕು ಅಂದುಕೊಂಡಳು. ಭಾಷಣಕ್ಕೆ ಕರೆದರು ಅಂದರೆ ಹೆಸರು ಸೂಚಿಸುವ ಮೊದಲಿನ ಮೆಟ್ಟಿಲು ಇದ್ದರೂ ಇದ್ದೀತು. ನಾಲ್ಕು ಜನರ ಮುಂದೆ ನಿಲ್ಲಿಸಿ, ಚಪ್ಪಾಳೆ ಆದ ಮೇಲೆ ಶಂಭುಲಿಂಗ ಎದ್ದು ಹೇಳುತ್ತಾರೆ. ಆಕೆಯ ಲೆಕ್ಕ ಹಾಗೆ ಓಡಿತು.

"ನಿಮ್ಮದೊಂದು ಬಯೋಡೇಟಾ ಕಳಸ್ರಿ ಮೇಡಂ, ಪರಿಚಯಕ್ಕ" ಎಂದು ವಿನೀತ ಫೋನ್ ಇಟ್ಟ.

ಬುಧವಾರ ಮಧ್ಯಾಹ್ನ ಸುಹಾಸಿನಿ ಫೋನನ್ನು ಕೈಗೆ ಸಿಗುವಂತೆ ಇಟ್ಟುಕೊಂಡು ಕೂತಳು. ಉಳ್ಳಾಗಡ್ಡಿ ನಡೆಯುತ್ತದೆಯೋ ಎಂದು ಯಾರೂ ಕೇಳಲಿಲ್ಲ. ನಾಲ್ಕು ಗಂಟೆಗೆ ತಾನೇ ಪೆನ್ನು ತೆಗೆದಳು. ನೂರಾರು ಜನರ ಪರಿಚಯ ಬರೆದ ಕೈಗೆ ತನ್ನದು ಬರೆಯಲು ಬರಲಿಲ್ಲ. ಎಂ.ಎ., ಬಿ.ಎಡ್., ಮೂವತ್ತೊಂದು ವರ್ಷ ಕನ್ನಡ ಶಿಕ್ಷಕಿ. ಒಣ ಕಟ್ಟಿಗೆಯ ಹಾಗಿತ್ತು. ಕೊನೆಗೆ ಒಂದು ಸಾಲು ಸೇರಿಸಿದಳು: "ವಾರದ ಏಳು ದಿನಗಳಲ್ಲಿ ಇವರಿಗೆ ಗುರುವಾರವೆಂದರೆ ಬಹಳ ಇಷ್ಟ." ಎರಡು ಸಲ ಓದಿ ಕಳಿಸಿದಳು. ಪದ್ಧತಿ ಮುರಿಯದೆ ಕೇಳಬಹುದಾದಷ್ಟನ್ನೂ ಆ ಸಾಲಿನಲ್ಲಿ ಕೇಳಿದ್ದಳು.

ಗುರುವಾರ ಕಾರು ಕಳಿಸಿದರು. ಊಟಕ್ಕೆ ಮುಂದಿನ ಸೋಫಾದ ಮೇಲೆ ಕೂಡಿಸಿ ತಾಟು ಕೈಗೇ ತಂದುಕೊಟ್ಟರು. ಪರಿಚಯವನ್ನು ವಿನೀತ ಮೊಬೈಲು ನೋಡಿ ಓದಿದ. ಗುರುವಾರದ ಸಾಲು ಬಂದಾಗ ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ಛಲೋ ಬರೆದಿದ್ದಾರೆ ಎಂಬ ಚಪ್ಪಾಳೆ. ಸುಹಾಸಿನಿ ಪ್ರತಿ ಮುಖ ನೋಡಿದಳು. ಯಾರಿಗೂ ತಿಳಿದಿರಲಿಲ್ಲ.

ಭಾಷಣ ಮಾತ್ರ ಕಳೆ ಕಟ್ಟಿತು. ಒಬ್ಬರನ್ನು ಇನ್ನೊಬ್ಬರಿಗೆ ಪರಿಚಯ ಮಾಡಿಸುವುದು ಹೇಗೆ ಎಂಬ ವಿಷಯ. ಜೊಂಡಿಗದ ಕತೆ ಹೇಳಿದಳು, ಪರಿಚಯಗಳನ್ನು ಬರೆದವರು ಯಾರೆಂಬ ಗುಟ್ಟನ್ನೂ ಬಿಟ್ಟುಕೊಟ್ಟಳು. ಇಡೀ ಸಭೆ ಬೆರಗಾಗಿ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಶಂಭುಲಿಂಗ ಮೈಕಿನ ಹತ್ತಿರ ಬಂದರು. ಈಗ ಹೇಳುತ್ತಾರೆ ಎಂದು ಸುಹಾಸಿನಿ ಕೈಯಲ್ಲಿದ್ದ ಕರವಸ್ತ್ರ ಬಿಗಿ ಹಿಡಿದಳು.

"ಬಾಯಾರ, ನಾವೆಲ್ಲಾರೂ ಕೂಡಿ ಒಂದ್ ನಿರ್ಣಯ ಮಾಡೇವ್ರಿ. ಇನ್ ಮ್ಯಾಲೆ ಪ್ರತಿ ವರ್ಷ ಪಂಢರಿನಾಥ ಅವರ ಹೆಸರಿನ್ಯಾಗ ಒಂದ್ ಉಪನ್ಯಾಸ. ಪ್ರತಿ ವರ್ಷಾನೂ ನೀವ ಬಂದು ದೀಪ ಹಚ್ಚಬೇಕು. ಇದು ನಮ್ಮ ಕ್ಲಬ್ಬಿನ ಪ್ರೀತಿ ಐತ್ರಿ."

ದೊಡ್ಡ ಗೌರವ, ಸುಳ್ಳಲ್ಲ. ಹೇಳುವಾಗ ಶಂಭುಲಿಂಗ ಅವರ ಕಣ್ಣು ಒದ್ದೆಯಾಗಿತ್ತು. ವರ್ಷಕ್ಕೆ ಐವತ್ತೆರಡು ಗುರುವಾರ ಬೇಡಿದವಳಿಗೆ ಒಂದು ಗುರುವಾರವನ್ನು ಶಾಲಿನಲ್ಲಿ ಸುತ್ತಿ ಕೊಟ್ಟಿದ್ದರು. ಸುಹಾಸಿನಿ ಕೈಮುಗಿದಳು. ಅಳು ಬಂತು. ಗಂಡನ ನೆನಪಿಗೆ ಅಳುತ್ತಿದ್ದಾಳೆಂದು ರಾಜೇಶ್ವರಿಯೂ ಅತ್ತಳು.

ಗೇಟಿನ ತನಕ ಬಿಡಲು ಶಂಭುಲಿಂಗ ತಾವೇ ಬಂದರು. ಕಾರಿನ ಬಾಗಿಲ ಹತ್ತಿರ ಸುಹಾಸಿನಿ ನಿಂತಳು. ಪದ್ಧತಿ ಗಿದ್ಧತಿ ಹಾಳಾಗಿ ಹೋಗಲಿ ಅನಿಸಿತು.

"ಶಂಭುಲಿಂಗ ಅವರ, ಮುಂದಿನ ಗುರುವಾರ ನಾ ಬಂದ್ರ ನಡೀತದೇನ್ರಿ?"

"ಅಯ್ಯ, ಹಿಂಗ್ಯಾಕ ಕೇಳ್ತೀರಿ ಬಾಯಾರ? ಕ್ಲಬ್ ನಿಮ್ಮದ ಐತಿ. ಯಾವಾಗರೆ ಬರ್ರಿ."

ಯಾವಾಗರೆ ಬರ್ರಿ ಎಂಬ ಮಾತಿಗೆ ನಮ್ಮ ಕಡೆ ಬಲು ಮರ್ಯಾದೆಯಿದೆ, ತಾರೀಖು ಮಾತ್ರ ಇಲ್ಲ. ಆ ಮಾತು ಕೇಳಿ ಯಾರೂ ಯಾರ ಮನೆಗೂ ಹೋದದ್ದಿಲ್ಲ. ಸುಹಾಸಿನಿಗೂ ಅದು ಗೊತ್ತು. ಆದರೂ ಆ ವಾರವೆಲ್ಲ ಆ ಮಾತನ್ನೇ ಹಿಡಿದುಕೊಂಡು ಕಳೆದಳು. ಮುಳುಗುವವರು ಹುಲ್ಲುಕಡ್ಡಿಯ ಗಟ್ಟಿತನ ನೋಡುತ್ತಾರೆಯೇ?

ಮುಂದಿನ ಗುರುವಾರ ಬೇಕೆಂದೇ ಸಾದಾ ಇಳಕಲ್ಲ ಸೀರೆ ಉಟ್ಟು, ಚಿಗರಿ ಬಸ್ಸು ಹತ್ತಿ, ಏಳಕ್ಕೆ ಹತ್ತು ನಿಮಿಷ ಮೊದಲೇ ಕ್ಲಬ್ಬಿಗೆ ಹೋದಳು. ಹಿಂದಿನ ಬಾಗಿಲಿನಿಂದ ಹೋದಳು, ಬಡಿಸುವವರು ಯಾವಾಗಲೂ ಹೋಗುವ ಬಾಗಿಲದು. ಮೊಸರನ್ನದ ಪಾತ್ರೆ ಆಗಲೇ ಮೇಜಿನ ಮೇಲಿತ್ತು. ಸೌಟು ತೆಗೆದುಕೊಂಡು ಒಮ್ಮೆ ಕಲಸಿ, ಉಪ್ಪು ಕಡಿಮೆಯಾಗಿದೆ ಅಂದುಕೊಂಡಳು. ಹನ್ನೊಂದು ತಿಂಗಳಲ್ಲಿ ಅಷ್ಟು ಸುಖದ ಗಳಿಗೆ ಇನ್ನೊಂದಿರಲಿಲ್ಲ.

"ಅಯ್ಯ ನಮ್ಮವ್ವ! ನೀವ್ಯಾಕ್ರಿ ಅಕ್ಕಾರ?" ರಾಜೇಶ್ವರಿ ರೊಟ್ಟಿಯ ಬುಟ್ಟಿ ಬಿಟ್ಟು ಓಡಿಬಂದಳು. ಸೌಟನ್ನು ಕೈಯಿಂದ ಮೆಲ್ಲಗೆ ಬಿಡಿಸಿಕೊಂಡಳು. "ಹ್ವಾದ ವಾರ ಶಾಲು ಹೊಚ್ಚಿ ಕಳಿಸೇವಿ, ಈ ವಾರ ನಿಮ್ಮ ಕೈಲೆ ಬಡಿಸ್ಯೊಂಡ್ರ ಮಂದಿ ಏನಂದಾರು? ಬರ್ರಿ, ಮುಂದ ಕೂಡ್ರಿ."

"ರಾಜೇಶ್ವರಿ, ನಾ ಬಡಸ್ತೇನಿ ಬಿಡ. ನನಗ ಇಲ್ಲೇ ಛಲೋ ಅನಸ್ತದ."

"ದೊಡ್ಡೋರು ಹಿಂಗ ಅಂತಾರ, ನಾವು ಕೇಳಬಾರ್ದು" ಎಂದು ನಕ್ಕಳು ರಾಜೇಶ್ವರಿ. ಮೊದಲಿನ ಹಾಗೆ ತೋಳು ಚಿವುಟಿ ನಗಲಿಲ್ಲ, ಒಂದು ಮಾರು ದೂರ ನಿಂತು ನಕ್ಕಳು.

ಅಂದಿನ ಅತಿಥಿ ಹಾವು ಹಿಡಿಯುವ ಶಾಂತಯ್ಯ. ಸೋಫಾದ ಒಂದು ತುದಿಗೆ ಅವರು, ಇನ್ನೊಂದು ತುದಿಗೆ ಸುಹಾಸಿನಿ. ವಿನೀತ ಎಲ್ಲಿಂದಲೋ ಒಂದು ಗುಲಾಬಿ ತಂದು ಕೊಟ್ಟ. ಹಿಂದೆ ಮೇಜಿನ ಹತ್ತಿರ ಹೆಂಗಸರ ನಗು ಏಳುತ್ತಿತ್ತು. ಯಾವ ಮಾತಿಗೆ ನಕ್ಕರೋ ಕೇಳಿಸುತ್ತಿರಲಿಲ್ಲ. ತಾಟನ್ನು ತೊಡೆಯ ಮೇಲಿಟ್ಟುಕೊಂಡು ಉಪ್ಪು ಕಡಿಮೆಯ ಮೊಸರನ್ನ ಉಂಡಳು. ಶಾಂತಯ್ಯ ಮೆಲ್ಲಗೆ, "ನಿಮ್ಮದೂ ಭಾಷಣ ಐತೇನ್ರಿ ಇವತ್ತ?" ಎಂದು ಕೇಳಿದರು. ಇಲ್ಲವೆಂದು ತಲೆಯಾಡಿಸಿದಳು. ಹಾಗಾದರೆ ಈಕೆ ಇಲ್ಲಿ ಯಾಕೆ ಕೂತಿದ್ದಾರೆ ಎಂಬುದು ಅವರ ಮುಖದಲ್ಲಿ ಕಂಡಿತು, ಪುಣ್ಯಾತ್ಮ ಬಾಯಿಬಿಟ್ಟು ಕೇಳಲಿಲ್ಲ.

ಭಾಷಣ ಮುಗಿದ ಮೇಲೆ ವಿನೀತ ವಂದನಾರ್ಪಣೆಗೆ ನಿಂತ. ಶಾಂತಯ್ಯನವರಿಗೆ ವಂದನೆ, ಅಡುಗೆಯವರಿಗೆ ವಂದನೆ, ಮೈಕಿನವರಿಗೆ ವಂದನೆ. ಕೊನೆಗೆ ಆಕೆಯ ಕಡೆ ತಿರುಗಿದ.

"ಹಾಗೆಯೇ, ತಮ್ಮ ಬಿಡುವಿಲ್ಲದ ಕೆಲಸಗಳ ನಡುವೆಯೂ ಬಿಡುವು ಮಾಡಿಕೊಂಡು ಇಂದು ನಮ್ಮೊಂದಿಗಿರುವ ಶ್ರೀಮತಿ ಸುಹಾಸಿನಿ ಮೇಡಂ ಅವರಿಗೆ ಕ್ಲಬ್ಬಿನ ಪರವಾಗಿ ಅನಂತ ವಂದನೆಗಳು."

ಚಪ್ಪಾಳೆ ಜೋರಾಗಿ ಬಿತ್ತು. ಅದರಲ್ಲಿ ಒಂದೂ ಕಪಟದ್ದಲ್ಲ. ಅಷ್ಟೂ ಜನ ಆಕೆಯನ್ನು ನಿಜವಾಗಿ ಗೌರವಿಸುತ್ತಿದ್ದರು, ಆ ಗೌರವದಲ್ಲಿ ಒಂದು ಕುರ್ಚಿ ಹಾಕುವಷ್ಟೂ ಜಾಗವಿರಲಿಲ್ಲ. ಸುಹಾಸಿನಿ ಎದ್ದು ಅತಿಥಿಗಳು ಮಾಡುವಂತೆ ನಾಲ್ಕೂ ದಿಕ್ಕಿಗೆ ಕೈಮುಗಿದಳು.

ಶಾಂತಯ್ಯನವರನ್ನೂ ಆಕೆಯನ್ನೂ ಒಟ್ಟಿಗೇ ಗೇಟಿನ ತನಕ ಬಿಟ್ಟರು. ಶಾಂತಯ್ಯ ತಮ್ಮ ಮೋಟರ್‌ಸೈಕಲ್ ಹತ್ತಿ ಹೋದರು. ವಿನೀತ ಆಟೋ ನಿಲ್ಲಿಸಿ, ಆಕೆ ಕೂತ ಮೇಲೆ ಬಗ್ಗಿ ಕೇಳಿದ.

"ಮುಂದಿನ ವಾರಾನೂ ಬರೂದಾಗ್ತದೇನ್ರಿ ಮೇಡಂ? ಮೊದಲ ಹೇಳಿದ್ರ ಕಾರ್ ಕಳಸ್ತೇವಿ, ಹೂವಿನ ಹಾರ ಹೇಳಿರ್ತೇವಿ."

ಸುಹಾಸಿನಿ ಅವನ ಮುಖ ನೋಡಿದಳು. ಒಳ್ಳೆಯ ಹುಡುಗ. ಒಳಗೆ ಆಗಲೇ ಕುರ್ಚಿಗಳನ್ನು ದುಂಡಗೆ ಎಳೆಯುವ ಸದ್ದು ಶುರುವಾಗಿತ್ತು, ಅವನಿಗೂ ಹೋಗುವ ಅವಸರ.

"ಇಲ್ಲಪಾ" ಅಂದಳು. "ಮುಂದಿನ ಗುರುವಾರ ನನಗ ಭಾಳ ಕೆಲಸ ಅವ."

"ಗೊತ್ತದರಿ ಮೇಡಂ" ಎಂದ ವಿನೀತ ತಲೆಬಾಗಿ, ಒಳಗೆ ಓಡಿದ.