ಶಾಪದೂರಿನಲ್ಲಿ ಹಣಮಂತ

ಕಂಪ್ಯೂಟರಿನ ಪರದೆಯಲ್ಲಿ ಯಾರದೋ ಮನೆಯ ಬಾಗಿಲು ಕಿರ್ರೆಂದಿತು, ಥೇಟ್ ಕಮಲಾಪುರದ ತಮ್ಮ ಮನೆ ಬಾಗಿಲಿನದೇ ಸದ್ದು, ಅದಕ್ಕೊಂದು ತೊಟ್ಟು ಎಣ್ಣೆ ಬಿಡಬೇಕು ಅಂತ ವರ್ಷದಿಂದ ಅಂದುಕೊಂಡದ್ದೇ ಬಂತು, ಹೊಸ್ತಿಲೂ ಹಾಗೇ ಹಳದಿ, ಅರಿಶಿನ ಬಳಿದ ಹಾಗೆ — ಇರಲಿ, ಈಗ ಮನಸ್ಸು ಆಕಡೆ ಈಕಡೆ ಹೋಗಬಾರದು, ಅನಸೂಯಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಣದ ಗುರುತಿನ ಗುಂಡಿ ಒತ್ತಿದಳು, ಪರದೆಯ ಹುಡುಗ ಒಂದು ಹೆಜ್ಜೆ ನಡೆದ, ಅವನ ತಲೆಯ ಮೇಲೆ ಪುಟ್ಟ ಇಂಗ್ಲಿಷ್ ಅಕ್ಷರದಲ್ಲಿ ಹೆಸರು, ಹಣಮಂತ, ಮಗ ತನ್ನದೇ ಹೆಸರು ಇಟ್ಟುಕೊಂಡಿದ್ದ, ಆಟದೊಳಗಿನ ವೀರಗ ಬ್ಯಾರೆ ಹೆಸರ ಸಿಗಲಿಲ್ಲೇನೋ ಅಂತ ಅವಳು ನಕ್ಕಿದ್ದಳು, ಆಗ ಅವನಿದ್ದ, ಹೋದ ಶ್ರಾವಣದಲ್ಲಿ ಕಾಮಾಲೆಯಾಗಿ ಹೋಗಿಬಿಟ್ಟ, ಇಲ್ಲಿ ಮಾತ್ರ ಇನ್ನೂ ಇದ್ದಾನೆ, ಕಲಬುರಗಿಯ ಶಹಾಬಜಾರದ ಗಲ್ಲಿಯ ಈ ಅಂಗಡಿಯಲ್ಲಿ, ಕಾಲೇಜು ಬಿಟ್ಟ ಮೇಲೆ ಬಂದು ಆಡುತ್ತಿದ್ದ ಇದೇ ಕಂಪ್ಯೂಟರಿನೊಳಗೆ, ಶಾಪ ಹತ್ತಿದ ಊರೊಂದರಲ್ಲಿ ಸಿಕ್ಕಿಕೊಂಡು. ಬಾಯಾರ, ಮಷಿನ್‌ನ್ಯಾಗ ವೈರಸ್ ಹೊಕ್ಕದರೀ, ನಾಳಿ ಸಂಜಿಗಿ ಪೂರಾ ಅಳಸ್ತೀನಿ, ಹಣಮಂತನ ಆಟಾನೂ ಹೋಗ್ತದ, ಅಂಗಡಿಯ ಖಮರುದ್ದೀನ್ ನಿನ್ನೆ ಫೋನು ಮಾಡಿ ಹೇಳಿದ್ದ, ಪುಣ್ಯಾತ್ಮ, ಹೇಳದೆ ಅಳಿಸಿದ್ದರೆ ಯಾರು ಕೇಳುತ್ತಿದ್ದರು, ಅವನಿಗೆಂದು ಕೆಂಪು ಬಾಳೆಹಣ್ಣು ಕಟ್ಟಿಕೊಂಡು ಮೊದಲ ಬಸ್ಸಿಗೇ ಬಂದಳು, ಅಳಿಸಲಿ, ಬೇಡವೆನ್ನಲು ಅವಳು ಯಾರು, ಆದರೆ ಮಗ ಈ ದರಿದ್ರ ಊರೊಳಗೆ ಇರುವಾಗ ಬೇಡ, ಅವನನ್ನು ಹೊರಗೆ ದಾಟಿಸಿಯೇ ಈ ಕುರ್ಚಿ ಬಿಟ್ಟು ಏಳುವುದು.

ಎಂಥ ಊರೋ ಮಾರಾಯ, ಬೆಳಕಿಲ್ಲ, ನಾಯಿ ಬೊಗಳುವುದಿಲ್ಲ, ಯಾರ ಮನೆಯ ಒಲೆಯೂ ಹೊಗೆಯಾಡುವುದಿಲ್ಲ, ಜನ ಅಂಗಳದಲ್ಲಿ ಕಲ್ಲಾಗಿ ನಿಂತಿದ್ದಾರೆ, ಹೊರಗಿನ ದಾರಿ ಹಿಡಿದರೆ ತಿರುತಿರುಗಿ ಅದೇ ಬಾವಿಯ ಕಟ್ಟೆ, ಬೆಳಗಿನಿಂದ ಬೆರಳು ನೋಯುವಷ್ಟು ನಡೆಸಿದ್ದಾಯಿತು, ಒಂದೊಂದು ಮನೆ ಹೊಕ್ಕು ನೋಡಿದ್ದೂ ಆಯಿತು, ಬಾಗಿಲು ಬಂದಲ್ಲೆಲ್ಲ ಉದ್ದನೆಯ ಗುಂಡಿ ಒತ್ತಿ ಹುಡುಗನನ್ನು ಜಿಗಿಸುತ್ತಾಳೆ, ಹೊಸ್ತಿಲು ತುಳಿಯಬಾರದಲ್ಲ, ಬಾವಿಯ ಹತ್ತಿರ ಮುದುಕಿಯೊಬ್ಬಳ ದೆವ್ವ, ಅದು ಇಂಗ್ಲಿಷಿನಲ್ಲಿ ಏನೋ ಗೊಣಗುತ್ತದೆ, ಇದೇನಂತದಪಾ ಖಮರುದ್ದೀನ, ಅವನು ಬಗ್ಗಿ ಓದಿದ, ಮನಿ ಒಳಗೂ ಅಲ್ಲ, ಹೊರಗೂ ಅಲ್ಲ, ಅಂಥಾ ಜಾಗಾದಾಗ ನಿಂತ್ರ ಶಾಪ ಬಿಡ್ತದಂತರೀ, ನನಗಂತೂ ತಿಳೀವಲ್ದು — ಇಷ್ಟೇನಾ, ವರ್ಷಾವರ್ಷ ನರಸಿಂಹ ಜಯಂತಿಗೆ ಉಪವಾಸ ಮಾಡುವವರಿಗೆ ಇದೂ ಒಂದು ಒಗಟೇ, ಹಿರಣ್ಯಕಶಿಪುವನ್ನು ಸ್ವಾಮಿ ತೊಡೆಯ ಮೇಲೆ ಕೆಡವಿಕೊಂಡ ಜಾಗ, ಹೊಸ್ತಿಲು, ಬಾಯಿಬಿಟ್ಟೇ ಅಂದಳು. ಅಯ್ಯೋ, ಹಣಮಂತನಿಗೆ ಹೊಳೆಯಲಿಲ್ಲವೇ, ತೊಟ್ಟಿಲಿನಿಂದ ಕೇಳಿದ ಕಥೆ, ಅವನಿಗೆ ಹೊಳೆಯದೆ ಇದ್ದೀತೇ. ಹೊಸ್ತಿಲೇನ್ರೀ, ಖಮರುದ್ದೀನ್ ಮೆಲ್ಲಗೆ ಅಂದ, ಅಂವಾ ಪ್ರತಿ ಬಾಗಿಲದಾಗೂ ಜಿಗೀತಿದ್ದರೀ, ನಿಮ್ಮಂಗನ, ಯಾಕೋ ಅಂತ ಒಮ್ಮಿ ಕೇಳ್ದೆ, ಒಗಟಿನ ಉತ್ತರ ಗೊತ್ತದಪಾ ಭಾಯಿ, ಆದ್ರ ಹೊಸ್ತಿಲಾ ತುಳದ್ರ ನಮ್ಮವ್ವ ಬೈತಾಳ ಅಂತ ನಗತಿದ್ದ, ಅದರ ಅರ್ಥ ನನಗ ಈಗ ತಿಳೀತರೀ.

ಗೊತ್ತಿತ್ತು. ಗೊತ್ತಿದ್ದೂ ನಿಲ್ಲಲಿಲ್ಲ, ಅವ್ವನಿಲ್ಲದ ಊರಿನಲ್ಲೂ ಅವ್ವನ ಮಾತು ಮೀರಲಿಲ್ಲ, ಹುಚ್ಚಪ್ಪ, ಇಷ್ಟು ವಿಧೇಯ ಆಗಬೇಡವೋ, ಅಳುವುದು ಆಮೇಲೆ, ಬಸ್ಸಿನಲ್ಲಿ ಅತ್ತರಾಯಿತು, ಈಗ ಬಾವಿ ದಾಟಿಸು, ಎಡಕ್ಕೆ ತಿರುಗಿಸು, ಆ ಮನೆ, ಆ ಬಾಗಿಲು, ಚಿಕ್ಕವನಿದ್ದಾಗ ಮಗ, ಅವಳು ಮಡಿಯುಟ್ಟು ಅಡುಗೆ ಮಾಡುವಾಗ, ಹೀಗೇ ಚೌಕಟ್ಟು ಹಿಡಿದು ನಿಲ್ಲುತ್ತಿದ್ದ, ಹಳದಿ ಹೊಸ್ತಿಲ ಮೇಲೆ ಒಂಟಿ ಕಾಲಲ್ಲಿ, ಅವ್ವಾ ಹಸಿವ್ಯಾಗೇದ, ಇಳಿಯೋ ಮೊದಲ, ಒಂದರ ಒಳಗ ಬಾ, ಇಲ್ಲಾ ಹೊರಗ ಹೋಗು — ಉದ್ದ ಗುಂಡಿಯಿಂದ ಬೆರಳು ತೆಗೆದಳು, ಬಾಣದ ಗುಂಡಿಯನ್ನು ಒಮ್ಮೆ, ಒಂದೇ ಒಮ್ಮೆ ಒತ್ತಿದಳು. ನಿಂತ. ಮನೆ ಮನೆಯಲ್ಲಿ ದೀಪ ಹತ್ತಿತು, ಕಲ್ಲಾದ ಜನ ಮೈಮುರಿದರು, ಬಾವಿಯಾಚೆ ದಾರಿ ಬಿಚ್ಚಿಕೊಂಡಿತು, ಹೋತರೀ ಬಾಯಾರ ಶಾಪ, ಇನ್ನೊಂದು ಸಲ ಒತ್ರಿ, ಹೊರಗ ಹೋಗ್ತಾನ, ಗೊತ್ತಪಾ, ಅದಕ್ಕೇ ಬಂದವಳು, ಒತ್ತುತ್ತಾಳೆ, ಬೆರಳು ಗುಂಡಿಯ ಮೇಲೇ ಇದೆ, ಸಂಜೆಗೆ ಇನ್ನೂ ಹೊತ್ತಿದೆಯಲ್ಲ, ನಿಲ್ಲಪಾ, ಯಾರೂ ಬೈಯೂದಿಲ್ಲ, ಹಳದಿ ಹೊಸ್ತಿಲು, ಅದರ ಮೇಲೆ ಹಣಮಂತ, ನಿಲ್ಲು, ಹಳದಿ ಹೊಸ್ತಿಲ ಮೇಲೆ ಹಣಮಂತ